ಸಹಿ ಹಾಕದೆ ಉಳಿದ ಕಾಗದ

ಎಂಬತ್ತರ ದಶಕದ ಮಧ್ಯದ ಒಂದು ಶುಕ್ರವಾರ. ಅಮೆರಿಕದ ಕ್ಯುಪರ್ಟಿನೋ ಊರಿನ ಬಾಡಿಗೆ ಮನೆಯಲ್ಲಿ ನಾನು ಪೆನ್ನು ಹಿಡಿದು ಕೂತಿದ್ದೆ. ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಎದುರಿಗೆ ಹೊಸ ಕೆಲಸದ ಪತ್ರ: ಖಾಸಗಿ ಭದ್ರತಾ ಕಂಪನಿ, ಮಧ್ಯ ಅಮೆರಿಕದ ಪುಟ್ಟ ದೇಶವೊಂದರಲ್ಲಿ ಒಂದು ವರ್ಷ ರೇಡಿಯೊ ಸಂಪರ್ಕ ನೋಡಿಕೊಳ್ಳಬೇಕು. ಅಲ್ಲಿ ಯುದ್ಧ ನಡೆಯುತ್ತಿದೆಯೆಂದು ಗೊತ್ತಿತ್ತು. ರೇಡಿಯೊ ನೋಡಿಕೊಳ್ಳುವವನಿಗೂ ಅದಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಈಗ್ಬೇಡಾರೀ, ರಾಹುಕಾಲ. ಹನ್ನೆರಡಾದ್ಮೇಲೆ ಹಾಕಿ," ಎಂದಳು ಹೆಂಡತಿ.

"ಮೈಸೂರಿನ ರಾಹು ಇಲ್ಲಿಗೂ ಬಂದ್ನಾ? ಗ್ರೀನ್ ಕಾರ್ಡು ಯಾರು ಕೊಟ್ರೇ ಅವನಿಗೆ?"

"ನಿಮಗೆ ಕೊಟ್ಟೋರೇ."

ಪತ್ರದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಅಡುಗೆಮನೆಯ ಕಪಾಟಿನಲ್ಲಿದ್ದ ದೇವರ ಮುಂದಿಟ್ಟಳು.

ಹನ್ನೊಂದರ ಸುಮಾರಿಗೆ ಪಕ್ಕದ ಮನೆಯ ಅಮೆರಿಕನ್ ಗೆಳೆಯ ನಮ್ಮ ಸಿಂಕು ಸರಿಮಾಡಲು ಬಂದ. ಹಿಂದೆ ಸೈನ್ಯದಲ್ಲಿದ್ದವನು, ಮಿತಭಾಷಿ. ಕೆಲಸ ಮುಗಿಸಿ ಎದ್ದವನು ಅರಿಶಿನದ ಕಾಗದ ಕಂಡು ಏನೆಂದು ಕೇಳಿದ. ಹೊಸ ಕೆಲಸಕ್ಕೆ ಶುಭವಾಗಲೆಂದು, ಎಂದೆ. ಓದಬಹುದೇ ಎಂದ. ನಿಂತೇ ಕೊನೆಯವರೆಗೂ ಓದಿ, ನೆಲದ ಮೇಲೆ ಕೂತುಬಿಟ್ಟ.

"ನನ್ನ ಕಾಗದದಲ್ಲೂ ರೇಡಿಯೊ ಅಂತಲೇ ಇತ್ತು," ಎಂದ ಇಂಗ್ಲಿಷಿನಲ್ಲಿ. "ಸೈನ್ಯ ಬಿಟ್ಟ ಮೇಲೆ ಇಂಥದೇ ಕಂಪನಿಯ ಕೆಲಸಕ್ಕೆ ಹೋದೆ. ಮೂರನೇ ವಾರ ಬಂದೂಕು ಕೊಟ್ಟರು. ಶತ್ರುಗಳ ಶಿಬಿರ ಅಂತ ಒಂದು ಜಾಗ ತೋರಿಸಿದರು, ನಾನು ಅದನ್ನು ರೇಡಿಯೊದಲ್ಲಿ ಹೇಳಿದೆ. ರಾತ್ರಿ ಅಲ್ಲಿ ಬಾಂಬು ಬಿತ್ತು. ಮಾರನೆಯ ದಿನ ಹೋಗಿ ನೋಡಿದರೆ, ಅದು ಹಳ್ಳಿ."

ಆಮೇಲೆ ಹೇಳಿದ: "ಸೈನ್ಯದಲ್ಲಿ ಸತ್ತವರನ್ನು ಮನೆಗೆ ತರುತ್ತಿದ್ದೆವು. ಅಲ್ಲಿ ನನ್ನ ಜೊತೆಗಾರ ಸತ್ತಾಗ, ಅಂಥವನು ನಮ್ಮಲ್ಲಿ ಇರಲೇ ಇಲ್ಲ ಅಂದರು ಕಂಪನಿಯವರು. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ."

ಅವನ ಮಾತನ್ನು ಪರೀಕ್ಷಿಸುವ ದಾರಿ ನನಗಿರಲಿಲ್ಲ. ಅವನು ಕಾಗದವನ್ನು ಮಡಿಸಿ ನನ್ನ ಕೈಗಿಟ್ಟ.

ಹನ್ನೆರಡು ಕಳೆಯಿತು. ಹೆಂಡತಿ ಪೆನ್ನಿನ ಮಾತೆತ್ತಲಿಲ್ಲ. ಮೂರು ತಟ್ಟೆ ಹಾಕಿ, "ಅವರಿಗೆ ಸಾರು ಖಾರ ಆಗುತ್ತೆ, ಮೊದಲು ಮೊಸರು ಬಡಿಸ್ರೀ," ಎಂದಳು. ಊಟವಾದ ಮೇಲೆ ಕಂಪನಿಗೆ ಫೋನು ಮಾಡಿ, ಬರುವುದಿಲ್ಲ ಎಂದೆ.

ಮತ್ತೆ ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಕಷ್ಟದ ತಿಂಗಳುಗಳೇ. ಆದರೂ ಆ ಫೋನಿನ ಬಗ್ಗೆ ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ. ಹೋಗಿದ್ದರೆ ನಾನು ರೇಡಿಯೊದಲ್ಲಿ ಹೇಳುವ ಜಾಗವೂ ಯಾರದೋ ಹಳ್ಳಿಯಾಗಬಹುದಿತ್ತು. ಅದು ಆಗದಿರಲೆಂದು ಒಬ್ಬ ಮನುಷ್ಯ ತನ್ನ ಮನೆಯಲ್ಲೂ ಆಡದ ಮಾತನ್ನು ನಮ್ಮ ಮನೆಯಲ್ಲಿ ಆಡಿದ. ಯಾರ ರಕ್ತವೂ ಅಂಟದ ನನ್ನ ಕೈಗಳನ್ನು ನೋಡಿಕೊಂಡಾಗಲೆಲ್ಲ ಅವನಿಗೆ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.