ಹಿಂಡು ಅಂದರು, ಹಿಂಡಿದೆ

ಸಿರುಗುಪ್ಪದ ಠಾಣೆಯಿಂದ ನಮ್ಮನ್ನು ವರ್ಷಕ್ಕೊಮ್ಮೆ ಪಿಸ್ತೂಲ್ ಅಭ್ಯಾಸಕ್ಕೆಂದು ಬಳ್ಳಾರಿಗೆ ಕರೆಸುತ್ತಾರೆ. ಜೀಪಿನಲ್ಲಿ ಜೊತೆಗೆ ಕೂತ ಹೊಸ ಕಾನ್‌ಸ್ಟೆಬಲ್‌ಗಳು, ಭತ್ತದ ಗದ್ದೆಗಳು ಮುಗಿಯುವ ಮೊದಲೇ, "ಮೇಡಂ, ಗುರಿ ಹೆಂಗ ಹಿಡಿಬೇಕ್ರಿ?" ಎಂದು ತಲೆ ತಿನ್ನಲು ಶುರುಮಾಡುತ್ತಾರೆ. "ಗುರಿ ಕಣ್ಣಾಗ ಇಲ್ರವ್ವಾ, ಕೈಯಾಗ ಐತಿ. ಸುಮ್ನ ಕುಂದರ್ರಿ" ಎಂದು ಗದರುತ್ತೇನೆ. ಅದನ್ನು ನನಗೆ ಕಲಿಸಿದ್ದು ನಮ್ಮ ಮನೆಯ ಎಮ್ಮೆ ಅಂದರೆ ಇವರು ನಗುತ್ತಾರೆ. ನಗಲಿ ಬಿಡಿ.

ಆಗ ನಾನು ಕುರುಗೋಡಿನಿಂದ ಬಂದು ಬಳ್ಳಾರಿಯಲ್ಲಿ ಪೊಲೀಸ್ ತರಬೇತಿಗೆ ಸೇರಿದ್ದೆ. ಓಟ, ಕವಾಯತು, ಲಾಠಿ ಎಲ್ಲದರಲ್ಲೂ ಮುಂದಿದ್ದವಳ ಮಾನ ಪಿಸ್ತೂಲು ಕೈಗೆ ಬಂದ ದಿನ ಹೋಯಿತು. ಹೊಡೆದ ಗುಂಡೆಲ್ಲ ಎಡಕ್ಕೆ, ಕೆಳಕ್ಕೆ. ಕಲಿಸುತ್ತಿದ್ದವರು ಕೌಲ್ ಬಜಾರಿನ ಹೆಂಗಸು, ಹೆಡ್ ಕಾನ್‌ಸ್ಟೆಬಲ್. ಮೇಡಂ ಅಂದರೆ ಉರಿದುಬೀಳುತ್ತಿದ್ದರು; ಕಲಿಸುವ ಗಂಡಸರನ್ನು ಕರೆದಂತೆ ತಮ್ಮನ್ನೂ ಉಸ್ತಾದ್ ಎಂದೇ ಕರೆಯಬೇಕು. ಬಂಡೆಗುಡ್ಡದ ಕಾವು ಮುಖಕ್ಕೆ ರಾಚುವ ಆ ಬಯಲಿನಲ್ಲಿ ನನ್ನ ಬೆನ್ನ ಹಿಂದೆ ನಿಂತು ಕೂಗುತ್ತಿದ್ದರು: "ಟ್ರಿಗರ್ ಜಗ್ಗಬ್ಯಾಡ ಬೇಟಾ, ಹಿಂಡು! ಮೆಲ್ಲಕ ಹಿಂಡು!"

ಹಿಂಡಿದೆ. ಹಿಂಡುವುದನ್ನು ನನಗೆ ಹೇಳಿಕೊಡಬೇಕೇ? ಗುಂಡು ಇನ್ನೂ ಕೆಳಕ್ಕೆ ಹೋಯಿತು. ಎಷ್ಟು ಚೆನ್ನಾಗಿ ಹಿಂಡಿದೆನೋ ಅಷ್ಟು ಕೆಟ್ಟದಾಗಿ ಗುರಿ ತಪ್ಪಿತು. ಪಿಸ್ತೂಲೇ ಸರಿಯಿಲ್ಲ ಎಂದು ಜಗಳಕ್ಕೆ ನಿಂತೆ. ಉಸ್ತಾದ್ ಅದೇ ಪಿಸ್ತೂಲನ್ನು ಇಸಿದುಕೊಂಡು ನಟ್ಟನಡುವೆ ಹೊಡೆದು ವಾಪಸು ಕೊಟ್ಟರು. ಮೈಯೆಲ್ಲ ಉರಿಯಿತು.

ಕೊನೆಯ ಪರೀಕ್ಷೆಯಲ್ಲಿ ಗುರಿ ತಪ್ಪಿದವರು ಮುಂದಿನ ತಂಡದವರ ಜೊತೆ ಮತ್ತೆ ಕಲಿಯಬೇಕು, ಕೊನೆಯ ದಿನದ ಪರೇಡಿನಲ್ಲಿ ನಿಲ್ಲುವಂತಿಲ್ಲ. ಆ ಪರೇಡ್ ನೋಡಲು ಅವ್ವ ಬರುವವಳಿದ್ದಳು. ಓಣಿಗೆಲ್ಲ ಡಂಗುರ ಹೊಡೆದಾಗಿತ್ತು. "ಲೇ, ಯಾವ ಸಾಲಿನ್ಯಾಗ ನಿಂದ್ರತಿ, ಮೊದ್ಲ ಹೇಳು. ಎಲ್ಲಾರೂ ಒಂದ ನಮೂನಿ ಅರಿವಿ ಹಾಕ್ಕೊಂಡಿದ್ರ ನಿನ್ನ ಹೆಂಗ ಹುಡುಕ್ಲಿ?" ಎಂದು ಫೋನಿನಲ್ಲಿ ಕೇಳುತ್ತಿದ್ದಳು. ಸಾಲಿನಲ್ಲೇ ನಾನು ಇರುತ್ತೇನೋ ಇಲ್ಲವೋ ಎಂದು ಅವಳಿಗೆ ಯಾವ ಬಾಯಿಂದ ಹೇಳಲಿ? ಫೋನ್ ಇಟ್ಟು ಬಚ್ಚಲಿಗೆ ಹೋಗಿ ಅತ್ತೆ.

ಮರುದಿನ ಗುಂಡಿಲ್ಲದ ಪಿಸ್ತೂಲಿನ ಅಭ್ಯಾಸ. ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟುಕೊಂಡು ಟ್ರಿಗರ್ ಒತ್ತಬೇಕು, ನಾಣ್ಯ ಬೀಳಬಾರದು. ನನ್ನದು ಮತ್ತೆ ಮತ್ತೆ ಬಿತ್ತು. ಕೊನೆಗೆ ಉಸ್ತಾದ್ ತಮ್ಮ ಅಂಗೈಯನ್ನು ನನ್ನ ಕೈಮೇಲೆ ಇಟ್ಟು, "ಈಗ ಮಾಡು" ಎಂದರು. ಮಾಡಿದೆ. ಸುಟ್ಟುಕೊಂಡವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಯಾ ಅಲ್ಲಾ! ಒಂದರ ಹಿಂದ ಒಂದು ಎಲ್ಲಾ ಬೆರಳೂ ಕುಣಿಯಾಕ ಹತ್ಯಾವಲ್ಲ! ಹಿಂಗ ಮಾಡು ಅಂತ ಯಾರು ಹೇಳಿದ್ರು ನಿನಗ?"

"ನೀವ ಅಂದ್ರೆಲ್ರಿ ಉಸ್ತಾದ್, ಹಿಂಡು ಅಂತ. ನಮ್ಮನ್ಯಾಗ ಎಮ್ಮಿ ಹಿಂಗ ಹಿಂಡ್ತೀವ್ರಿ."

ಮೊದಲು ಮೇಲಿನ ಬೆರಳು ಬಿಗಿಯಬೇಕು, ಆಮೇಲೆ ಅದರ ಕೆಳಗಿನದು, ಕಿರುಬೆರಳಿಗೆ ಬರುವಷ್ಟರಲ್ಲಿ ಹಾಲು ತಂಬಿಗೆಗೆ ಇಳಿದಿರಬೇಕು. ಬುದ್ಧಿ ಬಂದಾಗಿನಿಂದ ಹಿಂಡು ಅಂದರೆ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಉಸ್ತಾದ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಸಿಟ್ಟೂ ಬಂತು.

ನಗು ಮುಗಿದ ಮೇಲೆ ಅಲ್ಲೇ ನೆಲದ ಮೇಲೆ ಕೂತು ಕೇಳಿದರು: "ಮಿಕ್ಕ ಬೆರಳೆಲ್ಲಾ ಗಟ್ಟಿಯಾಗಿ ನಿಂತು, ತೋರುಬೆರಳು ಒಂದ ಕೆಲಸ ಮಾಡೋದು ಏನರ ಐತೇನು ನಿಮ್ಮನ್ಯಾಗ?"

ನೆನಪಾಯಿತು. ನಾನು ಹಾಲು ಹಿಂಡುವಾಗ ಅವ್ವ ಎಮ್ಮೆಯ ಮೂಗುದಾರ ಹಿಡಿದು ಮುಂದೆ ನಿಲ್ಲುತ್ತಿದ್ದಳು. ಬಿಗಿ ಹೆಚ್ಚಾದರೆ ಮೂಗು ನೊಂದು ಅದು ಹಿಂದೆ ಸರಿಯುತ್ತದೆ, ಸಡಿಲಾದರೆ ತಲೆ ಹೊರಳಿಸುತ್ತದೆ. ಹಾಗಾಗಿ ಹಗ್ಗದ ಹಿಡಿತ ಮೊದಲಿನಿಂದ ಕೊನೆಯವರೆಗೆ ಒಂದೇ ಹದ. ಅದೇ ಕೈಯ ತೋರುಬೆರಳಿನಿಂದ ಮಾತ್ರ ಮೆಲ್ಲಗೆ ಅದರ ಗದ್ದ ಕೆರೆಯುತ್ತಿದ್ದಳು. ಎಮ್ಮೆ ಕಣ್ಣು ಮುಚ್ಚಿ ಹಾಲು ತೊರೆ ಬಿಡುತ್ತಿತ್ತು.

ಹೇಳಿದೆ. "ಬಸ್" ಎಂದು ಎದ್ದರು ಉಸ್ತಾದ್. "ಇವತ್ತಿಂದ ನೀನು ಹಿಂಡಬ್ಯಾಡ. ಕೆರಿ."

ಆಮೇಲೆ ಬಯಲಿನಲ್ಲಿ ನನಗೊಬ್ಬಳಿಗೇ ಬೇರೆ ಕೂಗು. "ಕೆರಿ ಬೇಟಾ, ಕೆರಿ!" ಉಳಿದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಾನು ಮಾತ್ರ ಹೆಬ್ಬೆರಳ ಸಂದಿಗೆ ಪಿಸ್ತೂಲಿನ ಹಿಡಿಯನ್ನು ಮೇಲೆತ್ತಿ ಕೂರಿಸಿ, ಮೂಗುದಾರ ಹಿಡಿದಂತೆ ಹಿಡಿದು, ಊಟಕ್ಕೆ ಮುಂಚೆ, ಊಟದ ಮೇಲೆ, ಖಾಲಿ ಪಿಸ್ತೂಲಿನಲ್ಲಿ ಕೆರೆದೇ ಕೆರೆದೆ. ನಾಣ್ಯ ನಿಂತಿತು. ಪರೀಕ್ಷೆಯ ದಿನ ಗುಂಡು ಯಾವಾಗ ಹಾರಿತೆಂದು ನನಗೇ ತಿಳಿಯಲಿಲ್ಲ. ಗುರಿಯ ನಡುವೆ ತೂತು ಬಿದ್ದದ್ದು ನೋಡಿ ಉಸ್ತಾದ್ ನನ್ನ ಬೆನ್ನಿಗೊಂದು ಗುದ್ದಿದರು.

ಪರೇಡಿನಲ್ಲಿ ಮುಂದಿನ ಸಾಲಿನಲ್ಲೇ ನಿಂತಿದ್ದೆ. ಅವ್ವ ಕೊನೆಯವರೆಗೂ ಬೇರೆ ಯಾರನ್ನೋ ನಾನೆಂದು ನೋಡಿ ಅತ್ತಳಂತೆ.

ಊರಿಗೆ ಹೋದ ಸಂಜೆ ಖುಷಿಯಲ್ಲಿ ತಂಬಿಗೆ ಹಿಡಿದು ಎಮ್ಮೆಯ ಕೆಳಗೆ ಕೂತೆ. ಅವ್ವ ಮೂಗುದಾರ ಹಿಡಿದು ಗದ್ದ ಕೆರೆದಳು. ಹಿಂಡಲು ಹೋದರೆ ಬೆರಳುಗಳು ಒಂದರ ಹಿಂದೊಂದು ಬರಲೊಲ್ಲವು. ಮೂರು ಬೆರಳು ಗಟ್ಟಿಯಾಗಿ ನಿಂತೇ ಬಿಟ್ಟವು. ತೋರುಬೆರಳು ಮಾತ್ರ ಅಲ್ಲಾಡುತ್ತಿತ್ತು. ಎಮ್ಮೆ ಕಾಲು ಝಾಡಿಸಿತು. ಮತ್ತೆ ಹಿಡಿದೆ. ತಂಬಿಗೆಯ ತಳವೂ ನೆನೆಯಲಿಲ್ಲ.

ಅವ್ವ ಮೂಗುದಾರ ಬಿಟ್ಟು ಹತ್ತಿರ ಬಂದಳು. ಹುಟ್ಟಿದಾಗಿನಿಂದ ನನ್ನನ್ನು ಲೇ ಎಂದೇ ಕರೆದವಳು ಅವಳು. ಸೆರಗಿನಿಂದ ನನ್ನ ಕೈ ಒರೆಸಿ, ತಂಬಿಗೆ ಇಸಿದುಕೊಂಡಳು.

"ಏಳ್ರಿ ಮೇಡಂ, ನೀವು ಕೂಡ್ರೋ ಜಾಗ ಅಲ್ಲ ಇದು" ಎಂದಳು, ನಗುತ್ತಲೇ.

ಎಷ್ಟು ಹೊತ್ತಾದರೂ ನನಗೆ ಏಳಲು ಮನಸ್ಸಾಗಲಿಲ್ಲ.