ಮೆಲ್ಪೋಳ ಡಾಕ್ಟರಿಗೆ ಒಂದು ಡಬ್ಬಿ ಜೇನು

ಸ್ತಮಾತಿಸನಿಗೆ ಹೆಂಡತಿಯ ವಿಷಯದಲ್ಲಿ ಎಂಥ ಹೊಟ್ಟೆಕಿಚ್ಚು ಎಂಬುದು ತಾಸೋಸ್ ದ್ವೀಪದ ಕತ್ತೆಗಳಿಗೂ ಗೊತ್ತಿತ್ತು. ಮದುವೆಯ ದಿನ ಕ್ಲಾರಿನೆಟ್ ಊದುವವನು ಮದುಮಗಳ ಕಡೆ ತಿರುಗಿ ಒಂದಿಷ್ಟು ಹೆಚ್ಚಿಗೆ ಊದಿದನೆಂದು ಅವನ ಕೈಯಿಂದ ವಾದ್ಯವನ್ನೇ ಕಿತ್ತುಕೊಂಡ ಮಹಾನುಭಾವ. ಆಮೇಲೆ ಹಲ್ಲಿನ ಡಾಕ್ಟರು, ಹಡಗಿನ ಟಿಕೆಟ್ ಕೊಡುವವನು, ಚರ್ಚಿನಲ್ಲಿ ಹಾಡುವ ಹಲ್ಲಿಲ್ಲದ ಮುದುಕ, ಯಾರನ್ನೂ ಬಿಟ್ಟವನಲ್ಲ. "ನೀನು ಸಾಕೋದು ಜೇನಲ್ಲ ಮಾರಾಯ, ಎದೆಯೊಳಗೆ ಕಣಜದ ಹುಳ ಸಾಕಿದೀಯ" ಎಂದು ಮೆಲ್ಪೋ ನಗುತ್ತಿದ್ದಳು. ನಕ್ಕಾಗ ಅವಳು ಚೆಂದ ಕಾಣುತ್ತಿದ್ದಳು, ಅದನ್ನು ಬೇರೆ ಯಾರಾದರೂ ನೋಡಿಬಿಟ್ಟರೇ ಎಂದು ಅವನಿಗೆ ಮತ್ತೆ ಉರಿ.

ಉಳಿದಂತೆ ಅವನು ಒಳ್ಳೆಯ ಮನುಷ್ಯ. ಪೈನ್ ಕಾಡಿನಲ್ಲಿ ಪೆಟ್ಟಿಗೆಗಳನ್ನಿಟ್ಟು ಜೇನು ಸಾಕುತ್ತಿದ್ದ. ಅವನ ಜೇನಿಗೆ ಕವಾಲಾ ಪೇಟೆಯಲ್ಲಿ ಹೆಸರಿತ್ತು, ಅವನಿಗೆ ಬಾಯಿ ಬಿಟ್ಟರೆ ಹೊಗಳಿಕೊಳ್ಳುವಷ್ಟು ಹೆಮ್ಮೆಯೂ ಇತ್ತು.

ಐವತ್ತು ದಾಟಿದ ಮೇಲೆ ಮೆಲ್ಪೋಳ ಹೊಟ್ಟೆ ಬೆಳೆಯತೊಡಗಿತು. ಮುಖ, ಕೈಕಾಲು ಸೊರಗುತ್ತಿದ್ದವು, ಹೊಟ್ಟೆ ಮಾತ್ರ ಮುಂದಕ್ಕೆ ಬರುತ್ತಿತ್ತು. ನೋವಿಲ್ಲ, ಜ್ವರವಿಲ್ಲ. ಪಕ್ಕದ ಮನೆಯ ಹೆಂಗಸರು "ಈ ವಯಸ್ಸಲ್ಲಿ ಇನ್ನೊಂದಾ ನಿಂಗೆ?" ಎಂದು ರೇಗಿಸಿ, ದೃಷ್ಟಿಯಾಗದಿರಲೆಂದು ಥೂ ಥೂ ಅಂದರು. ಸ್ತಮಾತಿಸ್ ಆ ತಮಾಷೆಯನ್ನೂ ಮನಸ್ಸಿನಲ್ಲೇ ಒಮ್ಮೆ ಲೆಕ್ಕ ಹಾಕಿ ನೋಡಿ, ನಾಚಿಕೊಂಡು ಸುಮ್ಮನಾದ.

ಲಂಗದ ಗುಂಡಿ ಹಾಕಲಾಗದೇ ಹೋದಾಗ ಕವಾಲಾಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಚಿತ್ರವನ್ನು ಅವರ ಕಡೆ ತಿರುಗಿಸಿದಳು. ಒಳಗೊಂದು ಗೆಡ್ಡೆ ಇದೆ, ಕರುಳಿನಲ್ಲಲ್ಲ, ಕರುಳಿನ ಹಿಂದೆ, ಬೆನ್ನುಮೂಳೆಯ ಕಡೆ, ಎಡಗಡೆಯ ಮೂತ್ರಪಿಂಡವನ್ನು ಅಪ್ಪಿಕೊಂಡು ಕೂತಿದೆ ಎಂದಳು. ಇದು ತೀರಾ ಅಪರೂಪದ್ದು, ಥೆಸಲೋನಿಕಿಯಲ್ಲಿ ಇದನ್ನೇ ನೋಡುವ ಡಾಕ್ಟರುಗಳಿದ್ದಾರೆ, ಅವರಿಗೆ ತೋರಿಸದೆ ಯಾರೂ ಚಾಕು ಮುಟ್ಟಿಸಬಾರದು ಎಂದು ಎರಡೆರಡು ಸಲ ಹೇಳಿದಳು.

ಆದರೆ ಕವಾಲಾದಲ್ಲಿ ಅನೇಸ್ತಿಸ್ ಇದ್ದ. ಅನೇಸ್ತಿಸ್ ಶಸ್ತ್ರಚಿಕಿತ್ಸೆಯ ಡಾಕ್ಟರು. ಅದಕ್ಕಿಂತ ಹೆಚ್ಚಾಗಿ, ಇವರ ಮದುವೆಯಲ್ಲಿ ಗಂಡುಹೆಣ್ಣಿನ ತಲೆಯ ಮೇಲಿನ ಹೂವಿನ ಕಿರೀಟಗಳನ್ನು ಅದಲುಬದಲು ಮಾಡಿದವನು, ಇವರ ಮಗಳಿಗೆ ದೀಕ್ಷಾಸ್ನಾನದಲ್ಲಿ ಹೆಸರಿಟ್ಟ ಜ್ಞಾನತಂದೆ. ನಮ್ಮಲ್ಲಿ ಈ ನಂಟು ರಕ್ತಕ್ಕಿಂತ ಗಟ್ಟಿ. ಅಂಥವನು ಡಾಕ್ಟರಾಗಿದ್ದು, ಅವನನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ. "ಥೆಸಲೋನಿಕಿಗಾ? ಯಾಕೆ, ನಾನು ಸತ್ತಿದೀನಾ? ಮೂರು ದಿನದ ಕೆಲಸ, ಕಿತ್ತಳೆ ಸುಲಿದ ಹಾಗೆ ಸುಲಿದು ಕೈಗೆ ಕೊಡ್ತೀನಿ" ಎಂದ ಅನೇಸ್ತಿಸ್.

"ಒಂದು ಸಲ ತೋರಿಸಿ ಬರೋಣ" ಎಂದಳು ಮೆಲ್ಪೋ. ಹೋದರು.

ಥೆಸಲೋನಿಕಿಯ ಡಾಕ್ಟರು ಯೊರ್ದಾನಿಸ್ ಫೊತಿಯಾದಿಸ್. ಎತ್ತರದ, ಗುಂಗುರು ಕೂದಲಿನವನನ್ನು ಊಹಿಸಿಕೊಂಡು ಬಂದಿದ್ದ ಸ್ತಮಾತಿಸ್, ಕುಳ್ಳಗೆ ಬೋಳುತಲೆಯ ಮನುಷ್ಯನನ್ನು ಕಂಡು ನಿರಾಳನಾದ. ಆ ನಿರಾಳ ಬಹಳ ಹೊತ್ತು ಬಾಳಲಿಲ್ಲ. ಡಾಕ್ಟರು ಮೆಲ್ಪೋಳನ್ನು ಮಲಗಿಸಿ, ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬಿಸಿ ಮಾಡಿಕೊಂಡು ಹೊಟ್ಟೆ ಮುಟ್ಟಿದರು. ಎಡಗಡೆ ಮೆಲ್ಲಗೆ ಒತ್ತಿ, "ಇಲ್ಲಿ ಭಾರ ಅನ್ನಿಸೋಕೆ ಶುರುವಾಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

"ಒಂದು ವರ್ಷದ ಮೇಲಾಯ್ತು" ಎಂದಳು ಮೆಲ್ಪೋ. "ಮಲಗಿದಾಗ ಒಳಗೆ ಯಾರೋ ಪಕ್ಕ ಬದಲಿಸಿದ ಹಾಗೆ. ಭಯ ಆಗ್ತಿತ್ತು ಡಾಕ್ಟ್ರೇ. ಇವರಿಗೆ ಹೇಳಲಿಲ್ಲ, ಹೇಳಿದ್ರೆ ಮಗು ಥರ ಅಳ್ತಾರೆ."

ಸ್ತಮಾತಿಸನ ಕಿವಿ ಬಿಸಿಯಾಯಿತು. ಮದುವೆಯಾದಾಗಿನಿಂದ ಅವನ ಕೈ ಆ ಹೊಟ್ಟೆಯ ಮೇಲೆಯೇ ಮಲಗಿ ನಿದ್ದೆ ಮಾಡಿತ್ತು. ಆ ಕೈಗೆ ಗೊತ್ತಾಗದ್ದು ಈ ಬೋಳುತಲೆಯ ಕೈಗೆ ಅರೆಗಳಿಗೆಯಲ್ಲಿ ಗೊತ್ತಾಯಿತು. ತನಗೆ ಹೇಳದ ಭಯವನ್ನು ಅವಳು ಇವನಿಗೆ ಹೇಳಿಕೊಂಡಳು. ಕ್ಲಾರಿನೆಟ್ಟಿನವನು ಇದರ ಮುಂದೆ ಏನೂ ಅಲ್ಲ ಎನ್ನಿಸಿತು.

ಡಾಕ್ಟರು ಬಿಡಿಸಿ ಹೇಳಿದರು. ಇದು ಕೊಬ್ಬಿನಿಂದಲೇ ಹುಟ್ಟುವ ಒಂದು ಜಾತಿಯ ಕ್ಯಾನ್ಸರ್ ಇರಬಹುದು. ಹೊಟ್ಟೆಯ ಹಿಂಭಾಗದಲ್ಲಿ ಜಾಗ ಬೇಕಾದಷ್ಟಿದೆ, ಅದಕ್ಕೇ ಸದ್ದಿಲ್ಲದೆ ಇಷ್ಟು ಬೆಳೆದಿದೆ. ಮೊದಲು ಬೆನ್ನ ಕಡೆಯಿಂದ ಸೂಜಿ ಹಾಕಿ ಚೂರು ತೆಗೆದು ಜಾತಿ ನೋಡಬೇಕು, ಆಮೇಲೆ ಎಲ್ಲ ಡಾಕ್ಟರುಗಳೂ ಒಟ್ಟಿಗೆ ಕೂತು ತೀರ್ಮಾನಿಸಬೇಕು. ಅದೇ ಆಗಿದ್ದರೆ ಎಡ ಮೂತ್ರಪಿಂಡವನ್ನೂ ಪಕ್ಕದ ದೊಡ್ಡ ಕರುಳಿನ ತುಂಡನ್ನೂ ಸೇರಿಸಿ ಇಡಿಯಾಗಿ ತೆಗೆಯಬೇಕು. "ಅದರ ಅಂಚು ಕಣ್ಣಿಗೆ ಕಾಣೋದಿಲ್ಲ. ಒಡೆದು ತೆಗೆದ್ರೆ ಚೂರು ಬಿದ್ದ ಕಡೆಯೆಲ್ಲ ಮತ್ತೆ ಬೆಳೆಯುತ್ತೆ. ಮೊದಲನೇ ಸಲ ಸರಿಯಾಗಿ ಮಾಡಿದ್ರೇನೇ ಗೆಲ್ಲೋದು" ಎಂದರು.

ಸೂಜಿಯ ದಿನ ಹೊರಡುವಾಗ ಮೆಲ್ಪೋ ತುಟಿಗೆ ಬಣ್ಣ ಹಚ್ಚಿಕೊಂಡಳು.

"ಆಸ್ಪತ್ರೆಗೆ ಹೋಗೋಕೆ ಇದೆಲ್ಲ ಯಾಕೆ?"

"ಹೆಣದ ಥರ ಕಾಣಬಾರದು ಅಂತ. ಒಳ್ಳೇ ಜೇನು ಒಂದು ಡಬ್ಬಿ ತಗೋ, ಡಾಕ್ಟರಿಗೆ ಕೊಡೋಣ."

ಸ್ತಮಾತಿಸ್ ಉಗ್ರಾಣಕ್ಕೆ ಹೋಗಿ, ಚಳಿಗಾಲದಲ್ಲಿ ಸಕ್ಕರೆ ಪಾನಕ ಕುಡಿಸಿ ಬದುಕಿಸಿದ ಹುಳುಗಳ ಜೇನನ್ನು ತುಂಬಿದ. ಅದು ಜೇನೇ ಅಲ್ಲ, ಶತ್ರುವಿಗೂ ಕೊಡಬಾರದ್ದು. ಮೇಲೆ ತನ್ನ ಹೆಸರಿನ ಚೀಟಿ ಅಂಟಿಸಿ, ನೀಟಾಗಿ ಬಟ್ಟೆ ಸುತ್ತಿ ತಂದು ಆ ಡಾಕ್ಟರ ಕೈಗಿತ್ತ. ಡಾಕ್ಟರು "ಥ್ಯಾಂಕ್ಸ್ ಸ್ತಮಾತಿಸ್. ಹೇಗಿದೀರಾ ಮೆಲ್ಪೋ?" ಎಂದರು. ಮೊದಲ ಸಲ ಶ್ರೀಮತಿ ಎಂದಿದ್ದವರು ಈಗ ಬರೀ ಮೆಲ್ಪೋ ಎಂದಿದ್ದರು. ಕೊಟ್ಟಿದ್ದು ಸರಿಯಾಯಿತು ಎಂದುಕೊಂಡ ಸ್ತಮಾತಿಸ್.

ಸೂಜಿಯ ಫಲಿತಾಂಶ ಬಂತು. ಡಾಕ್ಟರು ಹೇಳಿದ ಜಾತಿಯೇ.

ಮನೆಯಲ್ಲಿ ಜಗಳ ಹತ್ತಿಕೊಂಡಿತು. "ನಿನ್ನ ಮನಸ್ಸು ಅವನಿಗೆ ಕೊಟ್ಟಾಯ್ತು, ಈಗ ಮೂತ್ರಪಿಂಡಾನೂ ಕೊಟ್ಬಿಡು! ಅನೇಸ್ತಿಸ್ ಬೇರೇನೂ ತೆಗೆಯದೆ ಗೆಡ್ಡೆ ಮಾತ್ರ ತೆಗೀತೀನಿ ಅಂತಾನೆ. ನಮ್ಮ ತಲೆ ಮೇಲೆ ಕಿರೀಟ ಇಟ್ಟವನು ಅವನು!" ಎಂದು ಕೂಗಾಡಿದ. ಮೆಲ್ಪೋ ಎದುರು ಮಾತಾಡುತ್ತಾಳೆಂದು ಕಾದ. ಅವಳು ಕುರ್ಚಿಯಲ್ಲಿ ಕುಸಿದು ಕೂತು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನನಗೆ ಸಾಕಾಗಿದೆ ಸ್ತಮಾತಿ. ನೀನೇ ಹೇಳು. ನೀನು ಹೇಳಿದ ಕಡೆ ಹೋಗಿ ಮಲಗ್ತೀನಿ" ಎಂದಳು.

ಗೆದ್ದ ಮನುಷ್ಯನಿಗೆ ಖುಷಿಯಾಗಬೇಕಿತ್ತು. ಅವನಿಗೆ ಕಾಲಿನ ಕೆಳಗಿನ ನೆಲ ಹೋದಂತಾಯಿತು. ಅವಳ ಜೀವ ಈಗ ಅವನ ಒಂದು ಮಾತಿನ ಮೇಲಿತ್ತು.

ಮಾರನೆಯ ದಿನ ದಿನಾಂಕ ಗೊತ್ತು ಮಾಡಲು ಕವಾಲಾಕ್ಕೆ ಹೋದ. ಅನೇಸ್ತಿಸ್ ಜಗಲಿಯಲ್ಲಿ ಹುರಿದ ಮೀನು, ಸಿಪುರೋ ಸಾರಾಯಿ ಇಟ್ಟುಕೊಂಡು ಕಾಯುತ್ತಿದ್ದ. ಎರಡು ಲೋಟ ಏರಿಸಿ, ಬೋಳುತಲೆಯನ್ನು ಇಬ್ಬರೂ ಹೊಟ್ಟೆ ತುಂಬ ಬೈದರು. ಸೋಮವಾರ ಅಂತ ಆಯಿತು. ಏಳುವಾಗ ಸ್ತಮಾತಿಸನ ಬಾಯಿಂದ ತಾನಾಗಿ ಒಂದು ಮಾತು ಬಂತು.

"ಇಡಿಯಾಗಿ ತೆಗೀತೀಯ ತಾನೇ?"

"ಬಂದಷ್ಟು ಬರುತ್ತೆ ಕಣೋ. ಒಡೆದ್ರೆ ಉಳಿದಿದ್ದನ್ನ ಬಾಚಿ ತೆಗೆದ್ರಾಯ್ತು."

ಸ್ತಮಾತಿಸ್ ಮತ್ತೆ ಕೂತ. ಆ ಪ್ರಶ್ನೆ ತನ್ನದಲ್ಲ, ಬೋಳುತಲೆಯದು. ಆ ಮನುಷ್ಯ ತನ್ನ ನಾಲಿಗೆಯ ಮೇಲೂ ಬಂದು ಕೂತಿದ್ದಾನಲ್ಲ ಎಂದು ಮೈಯೆಲ್ಲ ಉರಿಯಿತು. ಆದರೆ ಉತ್ತರ ಕೇಳಿಸಿಕೊಂಡ ಕಿವಿ ತನ್ನದೇ.

"ಅನೇಸ್ತಿ, ನನ್ನ ಪೆಟ್ಟಿಗೆಗಳಿಗೆ ಮರಿಹುಳ ಕೊಳೆಯೋ ರೋಗ ಬಂದಿದ್ದು ನೆನಪಿದೆಯಾ?"

"ನೆನಪಿಲ್ದೆ ಏನು? ಪೆಟ್ಟಿಗೆ ಸುಡೋಕೆ ಸೀಮೆಎಣ್ಣೆ ಡಬ್ಬ ಹಿಡ್ಕೊಂಡು ನಿಂತವನೇ ನಾನು."

"ಅದಕ್ಕೂ ಹಿಂದಿನ ವರ್ಷ ಕೆಟ್ಟ ಎರಿ ಮಾತ್ರ ಕಿತ್ತು, ಉಳಿದಿದ್ದನ್ನ ಉಳಿಸಿಕೊಂಡಿದ್ದೆ. ಆಸೆ. ಚೆನ್ನಾಗಿ ಕಂಡಿದ್ದು ಚೆನ್ನಾಗಿರಲಿಲ್ಲ. ಮರುವರ್ಷ ಕಾಡಲ್ಲಿದ್ದ ಪೆಟ್ಟಿಗೆ ಒಂದೂ ಉಳೀಲಿಲ್ಲ."

ಅನೇಸ್ತಿಸನಿಗೆ ಅರ್ಥವಾಯಿತು. ಮುಖ ಕೆಂಪೇರಿತು. "ಅಂದ್ರೆ ನನ್ನ ಕೈ ಮೇಲೆ ನಂಬಿಕೆ ಇಲ್ಲ."

"ಇಂಥದ್ದು ನಿನ್ನ ಕೈಗೆ ಎಷ್ಟು ಸಲ ಬಂದಿದೆ?"

"ಒಂದು ಸಲ" ಎಂದ ಅನೇಸ್ತಿಸ್. ಅವನು ಸುಳ್ಳು ಹೇಳುವವನಲ್ಲ. "ಆ ಮನುಷ್ಯನಿಗೆ ಎರಡು ವರ್ಷದಲ್ಲಿ ಮತ್ತೆ ಬಂತು." ಆಮೇಲೆ ಕೈಲಿದ್ದ ಲೋಟ ಮೇಜಿಗೆ ಕುಕ್ಕಿ ಒಳಗೆ ಹೋದ, ಬೀಳ್ಕೊಡಲಿಕ್ಕೂ ಹೊರಗೆ ಬರಲಿಲ್ಲ. ಈಸ್ಟರ್ ಕಳೆದರೂ ಅವನಿಂದ ಒಂದು ಮಾತಿಲ್ಲ.

ಥೆಸಲೋನಿಕಿಯಲ್ಲಿ ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆಯವರೆಗೆ ನಡೆಯಿತು. ಬೋಳುತಲೆ ಹೊರಗೆ ಬಂದಾಗ ಮುಖ ಬಾಡಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. "ಇಡಿಯಾಗಿ ಬಂತು, ಎಲ್ಲೂ ಒಡೀಲಿಲ್ಲ. ಮೂತ್ರಪಿಂಡ, ಕರುಳಿನ ತುಂಡು ಜೊತೆಗೇ ಹೋಯ್ತು. ಇನ್ನೊಂದು ಮೂತ್ರಪಿಂಡ ಚೆನ್ನಾಗಿದೆ" ಎಂದರು.

ಸ್ತಮಾತಿಸ್ ಮೆಲ್ಪೋ ಹೇಳಿದ ಹಾಗೆಯೇ ಮಗುವಿನಂತೆ ಅತ್ತ. ಅಳುತ್ತಲೇ, "ಡಾಕ್ಟ್ರೇ, ಆ ಜೇನು... ಅದು ಸಕ್ಕರೆ ಪಾನಕದ್ದು. ಬೇಕು ಅಂತಲೇ ಕೊಟ್ಟೆ. ನಿಮ್ಮನ್ನ ಕಂಡ್ರೆ ನನಗೆ ಉರೀತಿತ್ತು" ಎಂದುಬಿಟ್ಟ.

ಡಾಕ್ಟರು ಕಣ್ಣು ಪಿಳಿಪಿಳಿ ಬಿಟ್ಟರು. "ನನಗೆ ಸಕ್ಕರೆ ಕಾಯಿಲೆ ಕಣಪ್ಪ. ನಾನು ಜೇನು ಮೂಸೋದೂ ಇಲ್ಲ. ನಮ್ಮ ಅತ್ತೆಗೆ ಕೊಟ್ಟೆ, ಬಹಳ ಚೆನ್ನಾಗಿದೆ ಅಂದ್ರು."

ಅಷ್ಟಕ್ಕೇ ಮುಗಿಯಲಿಲ್ಲ. ಈ ಜಾತಿಯದು ವರ್ಷಗಟ್ಟಲೆ ಕಳೆದ ಮೇಲೂ ತಿರುಗಿ ಬರಬಹುದಂತೆ. ಅದಕ್ಕೇ ಮೂರು ನಾಲ್ಕು ತಿಂಗಳಿಗೊಮ್ಮೆ ಸ್ಕ್ಯಾನ್, ಬೋಳುತಲೆಯ ದರ್ಶನ. "ಮೆಲ್ಪೋನ ನಾನು ಬಿಡೋ ಹಾಗಿಲ್ಲ" ಎಂದು ಡಾಕ್ಟರು ಹೇಳಿದಾಗಲೆಲ್ಲ ಸ್ತಮಾತಿಸ್ ಹಲ್ಲು ಕಡಿಯುತ್ತಾನೆ. ಅವಳು ಬಣ್ಣ ಹಚ್ಚಿಕೊಳ್ಳುತ್ತಾಳೆ, ಇವನು ಗೊಣಗುತ್ತಾ ಗಾಡಿ ಓಡಿಸುತ್ತಾನೆ.

ಮೊನ್ನೆ ಹೊರಡುವ ಬೆಳಿಗ್ಗೆ ಮೆಲ್ಪೋ ಕನ್ನಡಿಯ ಮುಂದೆ ಸುಮ್ಮನೆ ನಿಂತಿದ್ದಳು. ಗಾಯದ ಪಕ್ಕ ಏನೋ ಭಾರ ಅನ್ನಿಸುತ್ತಿದೆ ಎಂದಳು. ಈ ಸಲ ಆ ಮಾತನ್ನು ಅವನಿಗೇ ಮೊದಲು ಹೇಳಿದಳು. ಸ್ತಮಾತಿಸ್ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಅಲ್ಲಿ ಮುಟ್ಟಿದ. ಅವನಿಗೆ ಏನೂ ಗೊತ್ತಾಗಲಿಲ್ಲ.

"ಬಣ್ಣ ಹಚ್ಕೊಂಡಿಲ್ಲ?"

"ಇವತ್ತು ಯಾಕೋ ಬೇಡ."

ಅವನೇ ಡ್ರಾಯರ್ ತಡಕಿ ಬಣ್ಣದ ಕಡ್ಡಿ ತೆಗೆದು ಅವಳ ಕೈಗಿಟ್ಟ. "ಹಚ್ಕೋ. ಆ ಬೋಳುತಲೆ ಕಾಯ್ತಿರ್ತಾನೆ."

"ನಿನಗೆ ಉರಿಯಲ್ವಾ?"

"ಉರಿಯುತ್ತೆ" ಎಂದ ಸ್ತಮಾತಿಸ್. "ಇನ್ನೂ ಇಪ್ಪತ್ತು ವರ್ಷ ಉರೀಲಿ. ಹಚ್ಕೋ."