ಸೆಟ್ ಯಾವುದು, ಓಬಳೇಶ?

ಚಳ್ಳಕೆರೆಯ ಜೋಗಪ್ಪನವರು ಮೂವತ್ತೊಂದು ವರ್ಷ ರೇಡಿಯೋ ಅಂಗಡಿ ನಡೆಸಿದರು. ಸರ್ಕಾರದ ಪರವಾನಗಿ ಪಡೆದು, ಮನೆಯಿಂದಲೇ ಊರೂರಿನವರೊಡನೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್‌ಗಳಿಗೆ ಈ ಸೀಮೆಯಲ್ಲಿ ಅದೊಂದೇ ದಿಕ್ಕು. ಕೇಬಲ್ ಕೇಳಲು ಬಂದವರನ್ನು ಮೊದಲು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು, ಆಮೇಲೆ ಪರವಾನಗಿ ಪರೀಕ್ಷೆಗೆ ಕೂರಿಸುತ್ತಿದ್ದರು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಓಬಳೇಶನಿಗೆ ಕಟ್ಟು-ಕಡ ಸದ್ದಿನ ಮೋರ್ಸ್ ಸಂಕೇತ ಕಲಿಸಿದ್ದೂ ಅವರೇ, ಸ್ಕ್ರೂಡ್ರೈವರಿನ ಹಿಡಿಯಿಂದ ಮೇಜು ಕುಟ್ಟಿ ಕುಟ್ಟಿ. ಮಗ್ಗದ ಸದ್ದಿನಲ್ಲಿ ಬೆಳೆದವನಿಗೆ ಅದು ಬೇಗ ಹತ್ತಿತು. ಅವನ ಮನೆ ಮಾಳಿಗೆ ಮೇಲೆ ಆಂಟೆನಾ ತಂತಿ ಕಟ್ಟಿಸಿದ್ದೂ ಅವರೇ.

"ಮೇಲೆ ನಿಮ್ಮ ಆಂಟೆನಾ, ಕೆಳಗೆ ಆಂಟಿ ನಾ. ಮಾತೆಲ್ಲ ಮೇಲಿನವಳ ಜೊತೇನೇ," ಎಂದು ಓಬಳೇಶನ ಹೆಂಡತಿ ವೀಣಾ ಆಡಿಕೊಳ್ಳುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅಂಗಡಿಗೆ ಹೊಸ ರೇಡಿಯೋ ಸೆಟ್ ಬಂತು. ಎರಡು ಭಾನುವಾರ ಓಬಳೇಶ ಅದರ ಒಂದೊಂದು ಗುಂಡಿಯನ್ನೂ ಒತ್ತಿ ನೋಡಿದ. ಯಾವುದು ಯಾತಕ್ಕೆ ಎಂದು ಜೋಗಪ್ಪ ಚೀಟಿಯಲ್ಲಿ ಬರೆದೂ ಕೊಟ್ಟರು. ಆ ಚೀಟಿ ಜೇಬಿನಲ್ಲಿಟ್ಟುಕೊಂಡು ಬಸ್ ಹತ್ತಿದವನು, ದಾರಿಯಲ್ಲಿ ತಳಕು ಊರು ದಾಟುವಷ್ಟರಲ್ಲಿ ಅಂಥದ್ದೇ ಸೆಟ್ಟನ್ನು ಫೋನಿನಲ್ಲಿ ಆರ್ಡರ್ ಮಾಡಿದ್ದ. ಅಲ್ಲಿ ಒಂದಿಷ್ಟು ಅಗ್ಗ.

ಪೇಚಾಟ ಶುರುವಾದದ್ದು ಆಮೇಲೆ. ದಿನಾ ಬೆಳಿಗ್ಗೆ ಏಳಕ್ಕೆ ಸುತ್ತಲಿನ ಹ್ಯಾಮ್‌ಗಳೆಲ್ಲ ರೇಡಿಯೋದಲ್ಲಿ ಕೂಡುತ್ತಾರೆ. ಹೆಸರು, ಊರು, ಸೆಟ್, ಆಂಟೆನಾ ಹೇಳುವುದು ರೂಢಿ. ಹಾಜರಿ ಕರೆದು ಪುಸ್ತಕದಲ್ಲಿ ಬರೆದುಕೊಳ್ಳುವವರು ಜೋಗಪ್ಪನವರೇ.

"ಸೆಟ್ ಯಾವುದು, ಓಬಳೇಶ?"

"ಅದೇ ಹಳೇದು ಅಣ್ಣಾ."

"ಧ್ವನಿ ಎಷ್ಟ್ ಕ್ಲೀನಾಗೈತಲೇ. ನಾನ್ ಮಾಡಿದ್ ರಿಪೇರಿ ಚೆನ್ನಾಗ್ ಕೂತೈತೆ."

ಎರಡು ತಿಂಗಳು ಇದೇ ಹೊಗಳಿಕೆ. ತರಂಗ ಶುದ್ಧವಾಗಿತ್ತು, ಅಂತರಂಗ ಗೊರಗೊರ ಎನ್ನುತ್ತಿತ್ತು.

ಯುಗಾದಿ ಕಳೆದ ಮೇಲೆ, ತಿಂಗಳ ಕೊನೆಗೆ ಅಂಗಡಿ ಮುಚ್ಚುವುದಾಗಿ ಜೋಗಪ್ಪ ಹೇಳಿದರು. ಓಬಳೇಶ ಭಾನುವಾರ ಹೋದಾಗ ಕಪಾಟುಗಳು ಅರ್ಧ ಖಾಲಿ. ಮೊಬೈಲ್ ಕವರ್ ಮಾರಲು ಬರಲಿರುವವನು ಗೋಡೆಯ ಅಳತೆ ತೆಗೆಯುತ್ತಿದ್ದ. ಜೋಗಪ್ಪ ಮೇಜಿನ ಕೆಳಗಿಂದ ಟವೆಲ್ ಸುತ್ತಿದ ಆ ಹೊಸ ಸೆಟ್ಟನ್ನು ಎತ್ತಿಟ್ಟರು.

"ನಿನಗೇ ಅಂತ ಇಟ್ಟೀನಿ. ರಾಂಪುರದ ಅಮರೇಶ್ ಎರಡ್ ಸಲ ಬಂದ್ ಕೇಳ್ದ. ಇದಕ್ಕೆ ಯಜಮಾನ ಆಗ್ಲೇ ಅದಾನೆ ಅಂದೆ. ಪಾಪ, ಅವನು ಆನ್‌ಲೈನ್‌ನಾಗೆ ತರಿಸ್ಕೊಂಡ."

"ಈಗ ಮಗ್ಗದ ಕೆಲಸ ಕಮ್ಮಿ ಅಣ್ಣಾ," ಎಂದು ಓಬಳೇಶ ಇನ್ನೊಂದು ಸುಳ್ಳು ನೇಯ್ದು, ಬೇಡದ ನಾಲ್ಕು ಕನೆಕ್ಟರ್ ಕೊಂಡು ಬಸ್ ಹತ್ತಿದ.

ಮರುದಿನ ಏಳಕ್ಕೆ ಓಬಳೇಶ ಮೈಕ್ ಹಿಡಿದ. ಹನ್ನೊಂದು ಊರಿನವರು ಕೇಳುತ್ತಿದ್ದರು.

"ಸೆಟ್ ಯಾವುದು, ಓಬಳೇಶ?"

"ನೀವು ಟವೆಲ್ ಸುತ್ತಿ ಇಟ್ಟೀರಲ್ಲ ಅಣ್ಣಾ, ಅಂಥದ್ದೇ. ನಂದು ಬಂದು ಎರಡ್ ತಿಂಗಳಾತು. ಫೋನ್‌ನಾಗೆ ತರಿಸ್ದೆ. ದಿನಾ ನಿಮಗೆ ಸುಳ್ಳು ಹೇಳ್ದೆ."

ಸ್ಪೀಕರಿನಲ್ಲಿ ಬರೀ ಗೊರಗೊರ. ಓಬಳೇಶ ಧ್ವನಿ ಏರಿಸುವ ಗುಂಡಿ ಮುಟ್ಟಿ ನೋಡಿದ. ಅದು ಆಗಲೇ ಪೂರ್ತಿ ಏರಿತ್ತು.

"ಬರ್ಕೊಂಡೆ," ಎಂದರು ಕೊನೆಗೆ ಜೋಗಪ್ಪ. "ಆಂಟೆನಾ?"

"ನೀವು ಕಟ್ಟಿಸಿದ್ದೇ ಅಣ್ಣಾ."

"ಅದನ್ನೂ ಬರ್ಕೊಂಡೆ. ಮುಂದಿನವ್ರು ಬರ್ರಿ."